ಹೋ ಮಳೆಕಾಡಿಗೆ ಒಂದು ದಿನದ ಚಾರಣ: ನಾವಿಬ್ಬರು ನಡೆದದ್ದು, ಮತ್ತು ಹಾವಸೆಯ ಬಗ್ಗೆ ಒಂದು ಪ್ರಶ್ನೆ

ತೇವದ ಹಾದಿ ಬರೆದದ್ದು:

ಕಳೆದ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಾನೂ ನನ್ನಾಕೆಯೂ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿರುವ ಹೋ ಮಳೆಕಾಡಿಗೆ ಒಂದೇ ದಿನದಲ್ಲಿ ಹೋಗಿ ಬಂದೆವು. ಸಿಯಾಟಲ್‌ನಿಂದ ಬೆಳಗಿನ ಜಾವ ಮೂರೂವರೆಗೆ ಹೊರಟು, ಟಕೋಮಾ ಕಡೆಯಿಂದ ಸುತ್ತಿಕೊಂಡು, ಹುಡ್ ಕೆನಾಲ್‌ನ ತೇಲುಸೇತುವೆಯನ್ನು ದಾಟಿ, ಪೋರ್ಟ್ ಏಂಜಲೀಸ್ ಮತ್ತು ಫೋರ್ಕ್ಸ್ ಊರುಗಳ ಮೂಲಕ ಎಂಟು ಗಂಟೆ ಕಳೆಯುವಷ್ಟರಲ್ಲಿ ಉದ್ಯಾನದ ದ್ವಾರ ಮುಟ್ಟಿದೆವು. ಏಳು ದಿನ ಚಾಲ್ತಿಯಲ್ಲಿರುವ ಪ್ರವೇಶ ಚೀಟಿಗೆ ಕಾರೊಂದಕ್ಕೆ 30 ಡಾಲರ್ ಕೊಟ್ಟೆವು. ವಾರದ ನಡುವಿನ ದಿನವಾದ್ದರಿಂದ ವಾಹನಗಳ ಸಾಲು ಇರಲಿಲ್ಲ.

ಮೊದಲು ಹಾಲ್ ಆಫ್ ಮಾಸಸ್ ಎಂಬ ಸುತ್ತುಹಾದಿಯಲ್ಲಿ ನಡೆದೆವು. ಅದರ ಉದ್ದ 0.8 ಮೈಲಿ, ಅಂದರೆ ಸುಮಾರು 1.3 ಕಿಲೋಮೀಟರ್ ಅಷ್ಟೆ. ಅರ್ಧ ಗಂಟೆಯಲ್ಲಿ ಮುಗಿಸಬೇಕೆಂದಿದ್ದವರಿಗೆ ಒಂದೂವರೆ ಗಂಟೆ ಹಿಡಿಯಿತು. ಹಾದಿಯ ಆರಂಭದಲ್ಲೇ ಟಾಫ್ಟ್ ತೊರೆಯನ್ನು ದಾಟಬೇಕು. ಆ ನೀರು ಎಷ್ಟು ತಿಳಿಯಾಗಿದೆಯೆಂದರೆ, ತಳದ ಗಿಡಗಳು ಹರಿವಿನ ಕಡೆಗೆ ಬಾಗಿ ನಿಂತದ್ದು ಗಾಳಿಗೆ ಒರಗಿದ ಹುಲ್ಲಿನಂತೆ ಕಾಣುತ್ತಿತ್ತು. ಮೇಲೇರಿದ ಮೇಲೆ ದೊಡ್ಡೆಲೆ ಮೇಪಲ್ ಮರಗಳ ತೋಪಿಗೆ ಹೋಗುವ ಚಿಕ್ಕ ಕವಲು ಸಿಗುತ್ತದೆ. ಅಲ್ಲಿ ಕೊಂಬೆಗಳಿಂದ ಮೊಳಕೈ ಉದ್ದದ ಹಸಿರು ಜೂಲು ತೂಗುತ್ತಿತ್ತು. ಮರದ ತೊಗಟೆಯನ್ನು ನೋಡಬೇಕೆಂದು ಹುಡುಕಿದರೂ ಅಂಗೈ ಅಗಲದ ಬರಿಯ ಜಾಗ ಕಾಣಲಿಲ್ಲ.

ಆಮೇಲೆ ಹೋ ನದಿಯ ಹಾದಿಯನ್ನು ಹಿಡಿದೆವು. ಇದು ನದಿಯ ಗುಂಟ ಮೇಲಕ್ಕೆ ಸಾಗಿ, ಹದಿನೇಳು ಮೈಲಿಗೂ ಹೆಚ್ಚು ನಡೆದ ಮೇಲೆ ಒಲಿಂಪಸ್ ಶಿಖರದ ಮಗ್ಗುಲಿನ ಗ್ಲೇಸಿಯರ್ ಮೆಡೋಸ್ ಎಂಬಲ್ಲಿಗೆ ಮುಟ್ಟುತ್ತದೆ. ಐದು ಮೈಲಿಯವರೆಗೆ ಹೋಗಿ ಹಿಂದಿರುಗುವುದೆಂದು ಮನೆಯಲ್ಲಿ ನಿಶ್ಚಯಿಸಿದ್ದೆವು. ಹೋದದ್ದು ಮೂರು ಮೈಲಿಗೆ ಸ್ವಲ್ಪ ಕಡಿಮೆ, ಮಿನರಲ್ ಕ್ರೀಕ್ ಜಲಪಾತದವರೆಗೆ. ನದಿಯ ನೀರು ತೊರೆಯ ಹಾಗೆ ತಿಳಿಯಲ್ಲ, ಹಾಲು ಬೆರೆಸಿದಂತೆ ಬೂದುನೀಲಿ. ಮೇಲಿನ ಹಿಮನದಿಗಳು ಬಂಡೆಯನ್ನು ಹಿಟ್ಟಿನಂತೆ ಅರೆದು ಕಳಿಸುವುದರಿಂದ ಹಾಗೆ ಎಂದು ಫಲಕದಲ್ಲಿ ಬರೆದಿತ್ತು.

ಈಗ ನಾನು ಕೇಳಬೇಕಾದ ಮಾತು. ಒಂದೂವರೆ ಮೈಲಿ ನಡೆದಿದ್ದಾಗ ಹಾದಿಯ ಪಕ್ಕದಲ್ಲಿ ಒಂದು ಭಾರಿ ಮರ ಬಿದ್ದಿತ್ತು. ಅದರ ಬೆನ್ನಿನ ಮೇಲೆ ಹಾವಸೆ ಬೆಳೆದು, ಆ ಹಾವಸೆಯ ನಡುವೆ ಬೆರಳುದ್ದದ ಸಸಿಗಳು ಸಾಲಾಗಿ ಎದ್ದಿದ್ದವು. ಫೋಟೋಕ್ಕಾಗಿ ನಾನು ಆ ದಿಮ್ಮಿಯ ಮೇಲೆ ಕಾಲಿಟ್ಟೆ. ಹಾವಸೆ ಒದ್ದೆ ಕಂಬಳಿ ಜಾರಿದಂತೆ ಒಂದು ಮೊಳದಷ್ಟು ಕಳಚಿ ಬಂತು. ಕೆಳಗಿನ ಕೆಂಪು ಕೊಳೆತ ಕಟ್ಟಿಗೆ ಬಯಲಾಯಿತು. ಎರಡು ಸಸಿಗಳೂ ಜೊತೆಗೇ ಬಂದವು. ಅದನ್ನು ಎತ್ತಿ ಇದ್ದ ಜಾಗದಲ್ಲೇ ಇಟ್ಟು, ಅಂಗೈಯಿಂದ ಒತ್ತಿ ಬಂದೆವು. ಆ ಕ್ಷಣದಿಂದ ನನ್ನ ಮನಸ್ಸು ಅಲ್ಲೇ ಇದೆ. ಹಾಗೆ ಇಟ್ಟ ಹಾವಸೆ ಮತ್ತೆ ಹಿಡಿದುಕೊಳ್ಳುತ್ತದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು. ಒಂದು ದಿನದ ಪ್ರವಾಸ ಸಾಕಾಗುತ್ತದೆಯೇ ಎಂಬ ಬಗ್ಗೆಯೂ ಹೋಗಿ ಬಂದವರ ಅಭಿಪ್ರಾಯ ಬೇಕು.

ಎಲೆಯಡಿ ಬರೆದದ್ದು:

ತಪ್ಪನ್ನು ಮುಚ್ಚಿಡದೆ ಬರೆದಿದ್ದೀರಿ, ಹಾಗಾಗಿ ನಾನೂ ನೇರವಾಗಿ ಉತ್ತರಿಸುತ್ತೇನೆ. ಸಸ್ಯಶಾಸ್ತ್ರ ಓದಿದವನು, ಆ ಕಾಡಿಗೆ ಹಲವು ಸಲ ಹೋಗಿದ್ದೇನೆ.

ಹಾವಸೆಗೆ ಬೇರಿಲ್ಲ. ಕೂದಲಿನಂಥ ಎಳೆಗಳಿಂದ ಅದು ತೊಗಟೆಯನ್ನೋ ಕಟ್ಟಿಗೆಯನ್ನೋ ಕಚ್ಚಿ ಹಿಡಿದಿರುತ್ತದೆಯೇ ಹೊರತು, ಅಲ್ಲಿಂದ ಆಹಾರ ಹೀರುವುದಿಲ್ಲ. ನೀರನ್ನೂ ಪೋಷಕಾಂಶಗಳನ್ನೂ ಮಳೆ, ಮಂಜು, ಧೂಳುಗಳಿಂದ ನೇರವಾಗಿ ಎಲೆಯ ಮೂಲಕವೇ ಪಡೆಯುತ್ತದೆ. ಅದರ ಎಲೆ ಬಹುಪಾಲು ಒಂದೇ ಜೀವಕೋಶದಷ್ಟು ದಪ್ಪ. ಆದ್ದರಿಂದ ಕಳಚಿದ ತುಂಡು ಮಗುಚಿ ಬೀಳದೆ, ತೇವ ಆರದೆ, ಕಟ್ಟಿಗೆಗೆ ಅಂಟಿಕೊಂಡಿದ್ದರೆ ಬದುಕಿ ಮತ್ತೆ ಹಿಡಿದುಕೊಳ್ಳುವ ಸಾಧ್ಯತೆ ಚೆನ್ನಾಗಿಯೇ ಇದೆ. ನೀವು ಹೋದದ್ದು ಮಳೆಗಾಲದ ಬಾಗಿಲಲ್ಲಿ, ಅದೂ ಒಳ್ಳೆಯದಾಯಿತು. ಸಸಿಗಳ ಮಾತು ಬೇರೆ. ಅವುಗಳಿಗೆ ನಿಜವಾದ ಬೇರುಗಳಿವೆ, ಹರಿದಿದ್ದರೆ ಉಳಿಯುವುದು ಕಷ್ಟ. ಆ ಸಸಿಗಳು ಬಹುಶಃ ಪಶ್ಚಿಮದ ಹೆಮ್ಲಾಕ್ ಅಥವಾ ಸಿಟ್ಕಾ ಸ್ಪ್ರೂಸ್. ನೆಲವೆಲ್ಲ ಜರೀಗಿಡ ಮತ್ತು ಹಾವಸೆಯಿಂದ ಕಿಕ್ಕಿರಿದಿರುವ ಆ ಕಾಡಿನಲ್ಲಿ ಮರದ ಬೀಜಕ್ಕೆ ಬಿದ್ದ ಮರದ ಬೆನ್ನೇ ಮುಖ್ಯ ಆಸರೆ. ಅದಕ್ಕಾಗಿಯೇ ಅಲ್ಲಿಯವರು ಅಂಥ ದಿಮ್ಮಿಯನ್ನು ನರ್ಸ್ ಲಾಗ್ ಎನ್ನುತ್ತಾರೆ. ನೂರಾರು ವರ್ಷಗಳಲ್ಲಿ ದಿಮ್ಮಿ ಕರಗಿಹೋಗುತ್ತದೆ. ಅದರ ಮೇಲೆ ಸವಾರಿ ಮಾಡಿ ಬೆಳೆದ ಮರಗಳು ಸಾಲಾಗಿ ನಿಲ್ಲುತ್ತವೆ, ಬುಡದ ಬೇರುಗಳ ನಡುವೆ ದಿಮ್ಮಿಯಿದ್ದ ಜಾಗ ಗವಿಯಂತೆ ಟೊಳ್ಳಾಗಿ ಉಳಿಯುತ್ತದೆ. ನೀವು ಹಾದಿಯಲ್ಲಿ ಅಂಥ ಕಾಲೂರಿದ ಮರಗಳನ್ನು ನೋಡಿಯೇ ಇರುತ್ತೀರಿ.

ಹಾವಸೆ ದಪ್ಪವಾದಷ್ಟೂ ಸಸಿಗೆ ಅನುಕೂಲವೆಂದು ಹಲವರು ತಿಳಿದಿದ್ದಾರೆ. ತೆಳುವಾದ ಹಾವಸೆ ಬೀಜವನ್ನು ಜಾರದಂತೆ ಹಿಡಿದು ತೇವ ಕೊಡುತ್ತದೆ, ನಿಜ. ಆದರೆ ಅದು ಮೆತ್ತೆಯಷ್ಟು ದಪ್ಪವಾದಾಗ ಮೊಳಕೆಯ ಬೇರು ಕೆಳಗಿನ ಕಟ್ಟಿಗೆಯನ್ನು ಮುಟ್ಟುವ ಮೊದಲೇ ಬೇಸಿಗೆ ಬಂದು ಸಸಿ ಸೊರಗುತ್ತದೆ.

ಇನ್ನೊಂದು ತಿದ್ದುಪಡಿ. ಮೇಪಲ್ ಕೊಂಬೆಗಳಿಂದ ತೂಗುತ್ತಿದ್ದ ಆ ಜೂಲು ಬಹುಪಾಲು ಹಾವಸೆಯಲ್ಲ. ಅದು ಸೆಲಜಿನೆಲ್ಲಾ ಒರೆಗಾನಾ ಎಂಬ ಸಸ್ಯ. ಅದರೊಳಗೆ ನೀರು ಸಾಗಿಸುವ ನಾಳಗಳಿವೆ. ವಂಶದಲ್ಲಿ ಅದು ನಿಜವಾದ ಹಾವಸೆಗಳಿಂದ ದೂರದ್ದು. ಹಾವಸೆ, ಸೆಲಜಿನೆಲ್ಲಾ, ಕಲ್ಲುಹೂ, ಕೊಂಬೆಯ ಮೇಲೇ ಬೆಳೆಯುವ ಲಿಕ್ಕರಿಸ್ ಜರೀಗಿಡ, ಇವೆಲ್ಲ ಒಂದೇ ಹಾಸಿಗೆಯಲ್ಲಿ ಬೆರೆತಿರುತ್ತವೆ. ಇವು ಮರದ ರಕ್ತ ಹೀರುವ ಪರಾವಲಂಬಿಗಳಲ್ಲ. ಒಂದು ಮೇಪಲ್ ಮರ ಹೊತ್ತಿರುವ ಈ ಹಸಿರಿನ ತೂಕ, ಆ ಮರದ ಸ್ವಂತ ಎಲೆಗಳ ತೂಕದ ನಾಲ್ಕು ಪಟ್ಟು ಇರಬಲ್ಲದು ಎಂದು ಕಾಡಿನ ಪರಿಸರ ವಿಜ್ಞಾನಿ ನಳಿನಿ ನಾಡಕರ್ಣಿ ಅವರು ಹಗ್ಗ ಕಟ್ಟಿ ಮರವೇರಿ ಅಳೆದು ತೋರಿಸಿದರು. ಅದಕ್ಕಿಂತಲೂ ನನ್ನನ್ನು ಬೆರಗುಗೊಳಿಸಿದ್ದು ಅವರು 1981ರಲ್ಲಿ ಪ್ರಕಟಿಸಿದ ಸಂಗತಿ: ಈ ಮೇಪಲ್ ಮರಗಳು ತಮ್ಮ ಕೊಂಬೆಗಳಿಂದಲೇ ಬೇರು ಬಿಟ್ಟು, ಮೇಲಿನ ಹಾವಸೆಯ ಅಡಿಯಲ್ಲಿ ಸಂಗ್ರಹವಾದ ಮಣ್ಣಿನೊಳಗೆ ಆ ಬೇರುಗಳನ್ನು ಇಳಿಸುತ್ತವೆ. ತನ್ನ ಹೆಗಲ ಮೇಲಿನ ಹಾವಸೆಯಿಂದ ಮರವೇ ಆಹಾರ ಪಡೆಯುತ್ತಿದೆ ಎಂದಾಯಿತು. ಹೀಗಿರುವಾಗ ಕೊಂಬೆಯ ಹಾವಸೆಯನ್ನು ಕಿತ್ತವರು ಮರದ ಉಗ್ರಾಣಕ್ಕೇ ಕೈಹಾಕಿದಂತೆ. ಅದು ಮೊದಲಿನಂತೆ ತುಂಬಿಕೊಳ್ಳಲು ದಶಕಗಳೇ ಬೇಕು.

ನದಿದಂಡೆ ಬರೆದದ್ದು:

ಮೊದಲು ಬರೆದವರ ಪತ್ನಿ ನಾನು. ನಮ್ಮವರು ಫೋಟೋದ ತಪ್ಪನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡಿದ್ದಾರೆ. ದಿಮ್ಮಿಯ ಮೇಲೆ ನಿಲ್ಲಿ, ಹಿಂದಿನ ಮರದ ಎತ್ತರ ತಿಳಿಯುತ್ತದೆ ಎಂದು ಹೇಳಿದವಳು ನಾನು. ಆ ಚಿತ್ರವನ್ನು ಅಂದು ರಾತ್ರಿಯೇ ಅಳಿಸಿಬಿಟ್ಟೆ, ಅದನ್ನು ನೋಡಿ ಮತ್ತೊಬ್ಬರು ಹಾಗೆ ನಿಲ್ಲುವುದು ನನಗೆ ಬೇಡ.

ಎಲೆಯಡಿಯವರ ಉತ್ತರ ಓದಿ ಸ್ವಲ್ಪ ಸಮಾಧಾನವಾಯಿತು. ಆದರೆ ದಿನ ಹೇಗಿರಬೇಕಿತ್ತು ಎಂಬಲ್ಲಿ ನಮ್ಮವರ ಮಾತಿಗೂ ನನ್ನ ಮಾತಿಗೂ ಹೊಂದಿಕೆಯಿಲ್ಲ. ಇವರಿಗೆ ಹಾಲ್ ಆಫ್ ಮಾಸಸ್ ಹೆಚ್ಚು ಮೆಚ್ಚುಗೆಯಾಯಿತು. ನನಗೆ ನದಿಯ ಹಾದಿಯೇ ಕಾಡು. ಸುತ್ತುಹಾದಿಯಲ್ಲಿ ಎಲ್ಲರೂ ಒಂದೇ ಕಡೆಗೆ ತಲೆಯೆತ್ತಿ ನಿಂತಿರುತ್ತಾರೆ, ಮಾತು ನಿಲ್ಲುವುದಿಲ್ಲ. ನದಿಯ ಹಾದಿಯಲ್ಲಿ ಒಂದು ಮೈಲಿ ದಾಟಿದ ಮೇಲೆ ಎದುರಿಗೆ ಬಂದವರು ಬೆರಳೆಣಿಕೆಯ ಮಂದಿ. ಬೆಳಿಗ್ಗೆ ಬಂದಾಗ ಹಾದಿಯಂಚಿನ ಕೆಲವು ಕಡೆ ಹಾವಸೆ ಸುರುಟಿ, ಒಣಗಿದ ಚಹಾಪುಡಿಯಂಥ ಬಣ್ಣಕ್ಕೆ ತಿರುಗಿತ್ತು. ಬೇಸಿಗೆಯ ಕೊನೆಯಾದ್ದರಿಂದ ಹಾಗಿರಬೇಕು. ಹತ್ತು ಗಂಟೆಯ ಹೊತ್ತಿಗೆ ಜಿನುಗು ಮಳೆ ಹಿಡಿಯಿತು. ಮಧ್ಯಾಹ್ನ ಅದೇ ಜಾಗಕ್ಕೆ ಹಿಂದಿರುಗಿದಾಗ ಅದೇ ಹಾವಸೆ ಎಲೆಯರಳಿಸಿಕೊಂಡು, ಎಳೆಹಸಿರಾಗಿ, ಮುಟ್ಟಿದರೆ ನೀರು ಒಸರುವಂತೆ ನಿಂತಿತ್ತು. ನಮ್ಮ ಕಣ್ಣೆದುರಿಗೆ ಒಂದು ಜೀವ ಎಚ್ಚರಗೊಂಡದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ಅದೇ ಜಾಗವನ್ನು ಎರಡು ಸಲ ಹಾದು ಬರದಿದ್ದರೆ ಅದು ಗೊತ್ತಾಗುತ್ತಲೇ ಇರಲಿಲ್ಲ.

ಐದು ಮೈಲಿ ಮುಟ್ಟಲಿಲ್ಲವೆಂಬ ಕೊರಗು ನನಗಿದ್ದದ್ದು ನಿಜ. ಜಲಪಾತದ ಬಳಿ ಕುಳಿತು ಬುತ್ತಿ ಬಿಚ್ಚಿದಾಗ ಮುಂದೆ ಹೋಗೋಣವೆಂದು ನಾನು, ಕತ್ತಲಾಗುವ ಮೊದಲು ಹೆದ್ದಾರಿ ಸೇರಬೇಕೆಂದು ಇವರು. ಇವರ ಮಾತೇ ನಡೆಯಿತು, ಅದು ಸರಿಯೂ ಆಗಿತ್ತು.

ಹಳೆಯ ಚಾರಣಿಗ ಬರೆದದ್ದು:

ದಂಪತಿಗಳಿಬ್ಬರಿಗೂ ನಮಸ್ಕಾರ. ಒಂದು ದಿನ ಸಾಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಕಾಡಿಗೆ ಒಂದು ದಿನ ಸಾಕು, ಆದರೆ ಅದರ ಎರಡೂ ತುದಿಗೆ ನಾಲ್ಕು ನಾಲ್ಕು ಗಂಟೆಯ ಕಾರು ಪ್ರಯಾಣ ಕಟ್ಟಬಾರದು. ಮೂರೂವರೆಗೆ ಎದ್ದ ಚಾಲಕ ಸಂಜೆ ಕ್ರೆಸೆಂಟ್ ಸರೋವರದ ದಂಡೆಯ ತಿರುವುಗಳಲ್ಲಿ ಮಳೆಯಲ್ಲಿ ಕಾರು ಓಡಿಸುವುದು, ಕರಡಿ ಎದುರಾಗುವುದಕ್ಕಿಂತ ಹೆಚ್ಚಿನ ಅಪಾಯ. ಫೋರ್ಕ್ಸ್ ಊರು ಕಾಡಿನ ಸಂದರ್ಶಕ ಕೇಂದ್ರದಿಂದ 31 ಮೈಲಿ ದೂರದಲ್ಲಿದೆ. ಹಿಂದಿನ ರಾತ್ರಿ ಅಲ್ಲಿ ಉಳಿದರೆ ಮುಂಜಾನೆ ಮೊದಲಿಗರಾಗಿ ಒಳಗೆ ಹೋಗಬಹುದು. ಕಾರಿಗೆ ಇಂಧನವನ್ನೂ ಅಲ್ಲೇ ತುಂಬಿಸಿಕೊಳ್ಳಿ. ಕಾಡಿನಲ್ಲಿ ಮೊಬೈಲ್ ಸಂಕೇತ ಸಿಗುವುದಿಲ್ಲವಾದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಬೇಕು ಅಥವಾ ಕಾಗದದ ನಕ್ಷೆ ಇಟ್ಟುಕೊಳ್ಳಬೇಕು.

ಜುಲೈ, ಆಗಸ್ಟ್ ತಿಂಗಳುಗಳ ಶನಿವಾರ ಭಾನುವಾರಗಳಲ್ಲಿ ನಿಲುಗಡೆ ತುಂಬಿದೊಡನೆ ಒಂದು ಕಾರು ಹೊರಬಂದರೆ ಮಾತ್ರ ಇನ್ನೊಂದನ್ನು ಒಳಬಿಡುತ್ತಾರೆ. ದ್ವಾರದಲ್ಲೇ ಎರಡು ಗಂಟೆ ಕಾಯುವ ಪ್ರಸಂಗ ಬರುತ್ತದೆ. ಹೆದ್ದಾರಿಯಿಂದ ಒಳಹೋಗುವ ಅಪ್ಪರ್ ಹೋ ರಸ್ತೆಯೊಂದೇ ದಾರಿ ಎಂಬುದನ್ನೂ ಮರೆಯಬಾರದು. 2024ರ ಡಿಸೆಂಬರ್‌ನಲ್ಲಿ ನದಿ ಉಕ್ಕಿ ಆ ರಸ್ತೆಯನ್ನು ಕೊಚ್ಚಿಕೊಂಡು ಹೋದಾಗ, 2025ರ ಮೇ ತಿಂಗಳಲ್ಲಿ ದುರಸ್ತಿ ಮುಗಿಯುವವರೆಗೆ ಯಾರೂ ಕಾರಿನಲ್ಲಿ ಒಳಹೋಗುವಂತಿರಲಿಲ್ಲ. ಆದ್ದರಿಂದ ಹೊರಡುವ ಹಿಂದಿನ ದಿನ ಉದ್ಯಾನದ ರಸ್ತೆ ಸ್ಥಿತಿಯ ಪ್ರಕಟಣೆಯನ್ನು ನೋಡಲೇಬೇಕು.

ವರ್ಷಕ್ಕೆ ಸುಮಾರು 140 ಅಂಗುಲ, ಎಂದರೆ ಮೂರೂವರೆ ಮೀಟರ್ ಮಳೆ ಬೀಳುವ ಜಾಗವದು. ಪೆಸಿಫಿಕ್ ಸಾಗರದ ತೇವದ ಗಾಳಿ ಒಲಿಂಪಿಕ್ ಬೆಟ್ಟಗಳಿಗೆ ಬಡಿದು ಮೇಲೇರಿ ತಣಿಯುವುದರಿಂದ ಪಶ್ಚಿಮದ ಕಣಿವೆಗಳಿಗೆ ಈ ಮಳೆ. ಹತ್ತಿಯ ಬಟ್ಟೆ ನೆನೆದರೆ ಆರುವುದಿಲ್ಲ, ಮೈಯ ಶಾಖವನ್ನು ಎಳೆದುಕೊಂಡುಬಿಡುತ್ತದೆ. ಉಣ್ಣೆಯ ಅಥವಾ ಬೇಗ ಆರುವ ಬಟ್ಟೆ ಹಾಕಿಕೊಳ್ಳಿ, ಒಂದು ಜೊತೆ ಒಣ ಕಾಲುಚೀಲ ಕಾರಿನಲ್ಲಿರಲಿ. ಬಿರುಗಾಳಿಯ ಮುನ್ಸೂಚನೆ ಇದ್ದ ದಿನ ಮಾತ್ರ ಹೋಗಬೇಡಿ. ನೀರು ಕುಡಿದ ಹಾವಸೆಯ ಭಾರಕ್ಕೆ ಜಗ್ಗಿದ ಕೊಂಬೆಗಳು ಎಲ್ಲಿ ಯಾವಾಗ ಮುರಿದು ಬೀಳುತ್ತವೆಂದು ಹೇಳುವಂತಿಲ್ಲ.

ಹೊಸಬ ಬರೆದದ್ದು:

ನಾನೂ ನನ್ನ ಪತ್ನಿಯೂ ಮುಂದಿನ ಮೇ ತಿಂಗಳಲ್ಲಿ ಹೋಗಬೇಕೆಂದಿದ್ದೇವೆ. ಆಕೆಗೆ ಮಂಡಿನೋವು ಇದೆ, ಹೆಚ್ಚು ಏರಲಾರಳು. ಆ ಸುತ್ತುಹಾದಿ ಆಕೆಗೆ ಸಾಧ್ಯವೇ? ಕೆಂಪು ಕಲ್ಲೊಂದನ್ನು ಇಟ್ಟಿರುವ ನಿಶ್ಶಬ್ದದ ಜಾಗವೊಂದು ಅಲ್ಲಿದೆಯೆಂದು ಕೇಳಿದ್ದೇನೆ, ಅದನ್ನು ನೀವು ನೋಡಿದಿರಾ?

ತೇವದ ಹಾದಿ ಬರೆದದ್ದು:

ಹೊಸಬರೇ, ಸುತ್ತುಹಾದಿಯ ಒಟ್ಟು ಏರು ಸುಮಾರು 100 ಅಡಿ, ಅದೂ ಬಹುಪಾಲು ಆರಂಭದಲ್ಲೇ ಮುಗಿಯುತ್ತದೆ. ನಿಧಾನವಾಗಿ ಹತ್ತಿದರೆ ಆಮೇಲೆ ಹೆಚ್ಚುಕಡಿಮೆ ಸಮತಟ್ಟು. ಬೇರುಗಳು ಒದ್ದೆಯಾದಾಗ ಜಾರುತ್ತವೆ, ಒಂದು ಊರುಗೋಲು ಇರಲಿ. ಏರೇ ಬೇಡವೆಂದರೆ ಪಕ್ಕದಲ್ಲಿ ಸ್ಪ್ರೂಸ್ ನೇಚರ್ ಟ್ರೇಲ್ ಎಂಬ 1.2 ಮೈಲಿಯ ಹಾದಿಯಿದೆ. ಅದು ನದಿಯ ಕಡೆಗೆ ಇಳಿಜಾರಿಲ್ಲದೆ ಸಾಗುತ್ತದೆ, ಜನಸಂದಣಿಯೂ ಕಡಿಮೆ ಎಂದು ಕಾವಲು ಸಿಬ್ಬಂದಿ ಹೇಳಿದರು. ನಾಯಿಯನ್ನು ಕರೆದೊಯ್ಯುವ ಯೋಚನೆಯಿದ್ದರೆ ಬಿಡಿ, ಈ ಹಾದಿಗಳಲ್ಲಿ ಸಾಕುಪ್ರಾಣಿಗಳಿಗೆ ಪ್ರವೇಶವಿಲ್ಲ.

ನೀವು ಕೇಳಿದ ಜಾಗ ನದಿಯ ಹಾದಿಯಲ್ಲಿ 3.2 ಮೈಲಿಯ ಬಳಿ ಇದೆ. ಗಾರ್ಡನ್ ಹೆಂಪ್ಟನ್ ಎಂಬ ಧ್ವನಿಗ್ರಾಹಕರು 2005ರ ಏಪ್ರಿಲ್ 22ರಂದು, ಭೂದಿನದಂದು, ಹಾವಸೆ ಬೆಳೆದ ಒಂದು ದಿಮ್ಮಿಯ ಮೇಲೆ ಚಿಕ್ಕ ಕೆಂಪು ಕಲ್ಲನ್ನಿಟ್ಟು, ಅದಕ್ಕೆ ನಿಶ್ಶಬ್ದದ ಒಂದು ಚದರ ಅಂಗುಲ ಎಂಬ ಅರ್ಥದ ಹೆಸರಿಟ್ಟರು. ಒಂದು ಅಂಗುಲ ಜಾಗವನ್ನು ಮನುಷ್ಯರ ಸದ್ದಿನಿಂದ ಕಾಪಾಡಿದರೆ ಅದರ ಸುತ್ತಿನ ಹಲವು ಮೈಲಿಗಳು ತಾವಾಗಿಯೇ ಉಳಿಯುತ್ತವೆ ಎಂಬುದು ಅವರ ಆಲೋಚನೆ. ನಾವು ಅಲ್ಲಿಗೆ ಅರ್ಧ ಮೈಲಿ ಮೊದಲೇ ಹಿಂದಿರುಗಿದೆವು. ಆ ಕಲ್ಲು ಮುಖ್ಯ ಹಾದಿಯಿಂದ ಒಳಗಿದೆ. ದಿಮ್ಮಿಯ ಪ್ರಸಂಗವಾದ ಮೇಲೆ ಹಾದಿ ಬಿಟ್ಟು ಕಾಲಿಡುವ ಧೈರ್ಯವೂ ನಮಗೆ ಉಳಿದಿರಲಿಲ್ಲ.

ಹಳೆಯ ಚಾರಣಿಗರು ಹೇಳಿದ್ದನ್ನು ಒಪ್ಪುತ್ತೇನೆ. ಹಿಂದಿರುಗುವಾಗ ಕಣ್ಣೆವೆ ಭಾರವಾಗಿ, ಕ್ರೆಸೆಂಟ್ ಸರೋವರದ ಬಳಿ ಕಾರು ನಿಲ್ಲಿಸಿ ಮುಕ್ಕಾಲು ಗಂಟೆ ಮಲಗಿದೆ. ಅಲ್ಲಿಂದ ಮುಂದೆ ನನ್ನಾಕೆ ಕಾರು ಓಡಿಸಿದಳು.

ನದಿದಂಡೆ ಬರೆದದ್ದು:

ನಿಶ್ಶಬ್ದದ ಬಗ್ಗೆ ಒಂದು ಮಾತು ಸೇರಿಸಬೇಕು. ಜಲಪಾತದ ಬಳಿಯಿಂದ ಹೊರಟು ಸ್ವಲ್ಪ ದೂರ ಬಂದು ಮಾತಿಲ್ಲದೆ ನಿಂತಿದ್ದೆವು. ಹಾವಸೆ ಸದ್ದನ್ನು ಹೀರುತ್ತದೆಯೆಂದು ಓದಿದ್ದೆ. ಅಲ್ಲಿ ನಿಂತಾಗ ಅದು ಕಿವಿಗೇ ತಿಳಿಯಿತು. ನಾಲ್ಕು ಹೆಜ್ಜೆ ಮುಂದಿದ್ದ ಇವರ ಬೂಟಿನ ಸದ್ದು ಕೇಳದೆ, ಮಳೆಯಂಗಿಯ ಮೇಲೆ ಹನಿ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಮೋಡದ ಮೇಲೆ ಯುದ್ಧವಿಮಾನವೊಂದು ಗುಡುಗಿಕೊಂಡು ಹೋಯಿತು. ವಿಡ್ಬಿ ದ್ವೀಪದ ನೌಕಾ ವಾಯುನೆಲೆಯ ಗ್ರೌಲರ್ ವಿಮಾನಗಳು ಈ ಪರ್ಯಾಯದ್ವೀಪದ ಮೇಲೆ ಅಭ್ಯಾಸಕ್ಕೆ ಹಾರುತ್ತವೆಯಂತೆ. 1938ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ, 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದ ಕಾಡಿಗೆ ಅದರ ಮೇಲಿನ ಆಕಾಶ ಸೇರಿಲ್ಲವೆಂಬುದು ನನಗೆ ನೋವಿನ ವಿಷಯ.

ಎಲ್ಕ್ ಎಂಬ ದೊಡ್ಡ ಜಿಂಕೆಗಳನ್ನು ಕಂಡದ್ದನ್ನು ಇವರು ಬರೆಯಲೇ ಇಲ್ಲ. ನದಿಯ ಜಲ್ಲಿದಂಡೆಯಲ್ಲಿ ಹನ್ನೊಂದು ಹೆಣ್ಣುಗಳು, ಒಂದು ಕೊಂಬಿನ ಗಂಡು. ನಾವು ಮರಗಳ ಮರೆಯಲ್ಲೇ ನಿಂತು ನೋಡಿದೆವು. ಗಂಡು ಕೂಗಿದ್ದು ಕೊಳಲಿನ ಮೇಲುಸ್ವರದಂತಿತ್ತು. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ ಹೊರಡುವುದೆಂದು ಎಣಿಸಿರಲಿಲ್ಲ.

ಎಲೆಯಡಿ ಬರೆದದ್ದು:

ಮರೆಯಲ್ಲಿ ನಿಂತದ್ದು ಒಳ್ಳೆಯದಾಯಿತು. ಸೆಪ್ಟೆಂಬರ್, ಅಕ್ಟೋಬರ್ ಅವುಗಳ ಕೂಡುವ ಕಾಲ, ಗಂಡುಗಳು ಮೈಮೇಲೆ ಬರಬಹುದು. ಉದ್ಯಾನದ ನಿಯಮದಂತೆ ವನ್ಯಪ್ರಾಣಿಗಳಿಂದ ಕನಿಷ್ಠ 50 ಗಜ ದೂರವಿರಬೇಕು.

ಅವು ರೂಸ್‌ವೆಲ್ಟ್ ಎಲ್ಕ್‌ಗಳು. ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಈ ಬೆಟ್ಟಗಳನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದ್ದಕ್ಕೆ ಬೇಟೆಯಿಂದ ಕುಗ್ಗುತ್ತಿದ್ದ ಈ ಪ್ರಾಣಿಗಳ ಉಳಿವೇ ಒಂದು ಮುಖ್ಯ ಕಾರಣ. ನೀವು ನಡೆದ ಕಾಡು ಅಷ್ಟು ತೆರವಾಗಿ, ಉದ್ಯಾನವನದಂತೆ ಕಂಡಿರಬಹುದು. ಅದು ಎಲ್ಕ್‌ಗಳ ಮೇವಿನ ಫಲ. ಬೇಲಿ ಕಟ್ಟಿ ಅವುಗಳನ್ನು ಹೊರಗಿಟ್ಟ ತುಣುಕುಗಳಲ್ಲಿ ಪೊದೆಗಳು ಆಳೆತ್ತರಕ್ಕೆ ಹೆಣೆದುಕೊಂಡಿವೆ. ನೀವು ದಿಮ್ಮಿಯ ಮೇಲೆ ಕಂಡ ಸಸಿಗಳಿಗೂ ಇದಕ್ಕೂ ಸಂಬಂಧವಿದೆ: ಎತ್ತರದ ದಿಮ್ಮಿಯ ಮೇಲೆ ಮೊಳೆತ ಸಸಿಯನ್ನು ಬಾಯಿ ಹಾಕಿ ಕೀಳುವುದು ಎಲ್ಕ್‌ಗೂ ಸ್ವಲ್ಪ ಕಷ್ಟ. ಅಲ್ಲಿ ಅದಕ್ಕಿರುವ ದೊಡ್ಡ ಅಪಾಯ ನಮ್ಮಂಥವರ ಬೂಟು. ನೀವು ಒಂದು ಹೆಜ್ಜೆ ಇಟ್ಟಿರಿ. ದಿಮ್ಮಿ ಅದನ್ನು ತಾಳಿಕೊಳ್ಳುತ್ತದೆ. ನಿಮ್ಮ ಹೆಜ್ಜೆಯ ಗುರುತನ್ನು ನೋಡಿ ಅದೇ ಜಾಗದಲ್ಲಿ ನೂರು ಜನ ಕಾಲಿಟ್ಟರೆ ತಾಳುವುದಿಲ್ಲ. ಅಂಥದ್ದಾದಾಗ ಸಂದರ್ಶಕ ಕೇಂದ್ರದಲ್ಲಿ ಜಾಗವನ್ನು ತಿಳಿಸಿದರೆ ಅವರಿಗೆ ಉಪಕಾರವಾಗುತ್ತದೆ.

ಹಳೆಯ ಚಾರಣಿಗ ಬರೆದದ್ದು:

ಹೊಸಬರಿಗೆ ಇನ್ನೊಂದು ದಾರಿ ಸೂಚಿಸುತ್ತೇನೆ. ಒಂದೇ ದಿನ ಇರುವವರು, ಅದರಲ್ಲೂ ಮಂಡಿನೋವಿನವರು ಜೊತೆಗಿರುವಾಗ, ದಕ್ಷಿಣದ ಕ್ವಿನಾಲ್ಟ್ ಕಣಿವೆಗೆ ಹೋಗಬಹುದು. ಸಿಯಾಟಲ್‌ನಿಂದ ಸುಮಾರು ಮೂರು ಗಂಟೆಯ ಹಾದಿ, ದ್ವಾರದ ಸಾಲುಗಳ ಕಾಟವಿಲ್ಲ, ಅದೇ ಹಾವಸೆ, ಅದೇ ಮರಜಾತಿಗಳು. ಸರೋವರದ ದಂಡೆಯ ಬಳಿ 191 ಅಡಿ ಎತ್ತರದ ಸಿಟ್ಕಾ ಸ್ಪ್ರೂಸ್ ಒಂದಿದೆ. ಅದರ ಬುಡದ ಸುತ್ತಳತೆ ಹತ್ತಿರ ಹತ್ತಿರ 59 ಅಡಿ. ಕಾರಿನಿಂದ ಇಳಿದು ಕೆಲವೇ ನಿಮಿಷ ನಡೆದರೆ ಅದರ ಬುಡದಲ್ಲಿರುತ್ತೀರಿ. ಮೇಪಲ್ ತೋಪಿನ ಆ ನೋಟಕ್ಕೆ ಮಾತ್ರ ಹೋ ಕಣಿವೆಯೇ ಬೇಕು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ತೇವದ ಹಾದಿ ಬರೆದದ್ದು:

ಎಲ್ಲರಿಗೂ ಋಣಿಯಾಗಿದ್ದೇನೆ. ದಿಮ್ಮಿಯಿದ್ದ ಜಾಗದ ಗುರುತನ್ನು ಬರೆದು ಉದ್ಯಾನದ ಕಚೇರಿಗೆ ನಿನ್ನೆ ಪತ್ರ ಕಳಿಸಿದೆವು. ಏಪ್ರಿಲ್‌ನಲ್ಲಿ ಫೋರ್ಕ್ಸ್‌ನಲ್ಲಿ ಎರಡು ರಾತ್ರಿ ಉಳಿದು, ಐದು ಮೈಲಿಯವರೆಗೂ ನಡೆದು ಬರುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಹೋಗುವಾಗ ಒಂದೂವರೆ ಮೈಲಿಯ ಬಳಿ ಹಾದಿಯ ಮೇಲೆಯೇ ನಿಂತು ಆ ಹಾವಸೆ ಹಿಡಿದಿದೆಯೋ ಇಲ್ಲವೋ ನೋಡಿ, ಇಲ್ಲಿಯೇ ಬರೆಯುತ್ತೇನೆ.